ಪರ-ವಿರೋಧ: ಸೈಟೇಷನ್ ಎಣಿಸಿ ಸಂಶೋಧನೆಗೆ ಬೆಲೆ ಕಟ್ಟಬಹುದಾ?

ಮಾತ್ರೆ ಯಾಕೆ ಬಿಡುತ್ತೇವೆ, ಸಿಗರೇಟ್ ಯಾಕೆ ಬಿಡುವುದಿಲ್ಲ, ಕಾಯಿಲೆ ಬಂದಾಗ ಮನಸ್ಸು ಏನು ಮಾಡುತ್ತದೆ ಎಂದು ಕೇಳುವ ಶಾಸ್ತ್ರ ಆರೋಗ್ಯ ಮನೋವಿಜ್ಞಾನ. ಒಬ್ಬರ ಸಂಶೋಧನಾ ಪೇಪರನ್ನು ಇನ್ನೊಬ್ಬರು ತಮ್ಮ ಪೇಪರಿನಲ್ಲಿ ಹೆಸರಿಸಿದರೆ ಅದು ಒಂದು ಸೈಟೇಷನ್. ಅದನ್ನು ಎಣಿಸಿ ಸಂಶೋಧನೆಯ ಬೆಲೆ ಹೇಳಬಹುದಾ ಎಂಬ ಪ್ರಶ್ನೆಯನ್ನು ಈ ಶಾಸ್ತ್ರದಲ್ಲಿ ಕೆಲಸ ಮಾಡುವ ಇಬ್ಬರಿಗೆ ಕೊಟ್ಟೆವು.

ಪರ: ಅಂಕಿಗೆ ಜಾತಿ ಗೊತ್ತಿಲ್ಲ
(ತಾಲೂಕು ಕೇಂದ್ರದ ಕಾಲೇಜೊಂದರ ಅಧ್ಯಾಪಕಿ)

"ನಿಮ್ಮ ಗೈಡ್ ಯಾರಮ್ಮ?"

ಅಧ್ಯಾಪಕ ಹುದ್ದೆಯ ಇಂಟರ್‌ವ್ಯೂನಲ್ಲಿ ನನಗೆ ಬಿದ್ದ ಮೊದಲ ಪ್ರಶ್ನೆ ಅದು. ಎರಡನೆಯದು, "ನಿಮ್ಮದು ಯಾವ ಕಡೆ?" ಮೂರನೆಯದು, "ತಂದೆ ಏನು ಮಾಡ್ಕೊಂಡಿದ್ದಾರೆ?" ಈ ಮೂರರ ಹಿಂದೆ ಅಡಗಿದ್ದ ನಾಲ್ಕನೆಯ ಪ್ರಶ್ನೆ ಯಾವುದೆಂದು ನಮ್ಮ ನಾಡಿನಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ನನ್ನ ಪೇಪರ್‌ಗಳ ಫೈಲ್ ಮೇಜಿನ ಮೇಲಿತ್ತು. ಅದರ ದಾರವನ್ನು ಯಾರೂ ಬಿಚ್ಚಲಿಲ್ಲ. ಹತ್ತು ನಿಮಿಷದಲ್ಲಿ ಹೊರಗೆ ಬಂದೆ. ಕೆಲಸ ಯಾರಿಗೆ ಅನ್ನುವುದು ಒಂದು ವಾರ ಮೊದಲೇ ಕ್ಯಾಂಟೀನಿನ ಹುಡುಗನಿಗೂ ಗೊತ್ತಿತ್ತಂತೆ. ನನಗೆ ಗೊತ್ತಿರಲಿಲ್ಲ. ನಾನು ರಾತ್ರಿ ಬಸ್ಸಿನಲ್ಲಿ ಬಂದವಳು.

ಅಂದಹಾಗೆ, ಅಪ್ಪ ಎಪಿಎಂಸಿ ಯಾರ್ಡಿನಲ್ಲಿ ಹಮಾಲಿ ಮಾಡುತ್ತಿದ್ದರು. ಹಾಗಂತಲೇ ಹೇಳಿದೆ. ಮೇಜಿನ ಆಚೆ ಕಡೆ ಒಬ್ಬರು "ಓಹೋ" ಅಂದರು. ಆ "ಓಹೋ" ಇವತ್ತಿಗೂ ಕಿವಿಯಲ್ಲಿದೆ.

ನನ್ನ ಪಿಎಚ್‌ಡಿ ವಿಷಯ ದೊಡ್ಡದೇನಲ್ಲ. ಸಕ್ಕರೆ ಕಾಯಿಲೆಯವರು ಮಾತ್ರೆಯನ್ನು ಅರ್ಧಕ್ಕೇ ಯಾಕೆ ಬಿಡುತ್ತಾರೆ ಅನ್ನುವುದು. ತಾಲೂಕು ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಎರಡು ವರ್ಷ ಮಾತಾಡಿಸಿದೆ. "ಸುಸ್ತು ಹೋಯ್ತಲ್ಲಮ್ಮ, ಇನ್ಯಾಕೆ ಮಾತ್ರೆ?" ಅನ್ನುತ್ತಿದ್ದರು. ಸುಸ್ತೇ ಕಾಯಿಲೆ, ಸುಸ್ತು ಹೋದರೆ ಕಾಯಿಲೆಯೂ ಹೋಯಿತು ಎನ್ನುವ ಲೆಕ್ಕ ಅವರದ್ದು. ಅದನ್ನು ಒಂದು ಪೇಪರ್ ಮಾಡಿದೆ. ನಮ್ಮ ವಿಭಾಗದಲ್ಲಿ ಯಾರೂ ಓದಲಿಲ್ಲ. ಮೂರು ವರ್ಷ ಆದ ಮೇಲೆ ಒಂದು ದಿನ, ಯಾರು ಯಾರನ್ನು ಸೈಟ್ ಮಾಡಿದರು ಎಂದು ತಿಳಿಸುವ ಗೂಗಲ್ ಸ್ಕಾಲರ್‌ನಿಂದ ಮೇಲ್ ಬಂತು. ಇಂಡೋನೇಷ್ಯಾದ ಯಾರೋ ನನ್ನ ಪೇಪರನ್ನು ಎತ್ತಿಕೊಂಡಿದ್ದರು. ಅವರ ಊರಿನಲ್ಲೂ ಜನ ಹೀಗೇ ಅನ್ನುತ್ತಾರಂತೆ. ಆ ಪುಣ್ಯಾತ್ಮರಿಗೆ ನನ್ನ ಗೈಡ್ ಯಾರು ಅಂತ ಗೊತ್ತಿಲ್ಲ. ನಾನು ಯಾವ ಕಡೆಯವಳು ಅಂತ ಗೊತ್ತಿಲ್ಲ. ನನ್ನ ಹೆಸರು ಹೆಣ್ಣಿನದೋ ಗಂಡಿನದೋ ಅದೂ ಗೊತ್ತಿರಲಿಕ್ಕಿಲ್ಲ. ಪೇಪರ್ ಓದಿದರು, ಉಪಯೋಗಕ್ಕೆ ಬಂತು, ಹೆಸರು ಹಾಕಿದರು. ಇದಕ್ಕಿಂತ ಮರ್ಯಾದೆಯ ಮೌಲ್ಯಮಾಪನ ಇನ್ನೇನಿದೆ ಹೇಳಿ?

ಸೈಟೇಷನ್ ಲೆಕ್ಕ ಇಡುವ ಯೋಚನೆ ಬಂದದ್ದೂ ಅಧಿಕಾರ ಚಲಾಯಿಸಲು ಅಲ್ಲ. ಅಮೆರಿಕದ ಯೂಜೀನ್ ಗಾರ್ಫೀಲ್ಡ್ 1955ರಲ್ಲಿ ಇದನ್ನು ಮೊದಲು ಬರೆದಾಗ ಅವರ ಮುಂದಿದ್ದದ್ದು ವಕೀಲರ ಒಂದು ಹಳೆಯ ಪದ್ಧತಿ. ಈ ತೀರ್ಪನ್ನು ಆಮೇಲೆ ಯಾವ ಕೋರ್ಟು ಒಪ್ಪಿತು, ಯಾವುದು ತಳ್ಳಿಹಾಕಿತು ಎಂದು ನೋಡಲು ಅಲ್ಲಿನ ವಕೀಲರಿಗೆ 19ನೇ ಶತಮಾನದಿಂದಲೇ ಸೂಚಿ ಪುಸ್ತಕಗಳಿದ್ದವು. ವಿಜ್ಞಾನಕ್ಕೂ ಅಂಥದ್ದೊಂದು ಬೇಕು ಅಂದರು ಗಾರ್ಫೀಲ್ಡ್. ಅಂದರೆ ಹುಡುಕಲು ಒಂದು ದಾರಿ. ನಂಬರ್ ಆಮೇಲೆ ಬಂತು.

ನಮಗೇನು ಇದು ಹೊಸದಾ? ದುರ್ವಿನೀತನ ಗದ್ಯ ನಮ್ಮ ಕೈಗೆ ಸಿಕ್ಕಿಲ್ಲ. ಜಯಬಂಧುವಿನದೂ ಸಿಕ್ಕಿಲ್ಲ. ಅವರು ಕನ್ನಡದಲ್ಲಿ ಗದ್ಯ ಬರೆದಿದ್ದರೆಂದು ಗೊತ್ತಾದದ್ದು 9ನೇ ಶತಮಾನದಲ್ಲಿ ಕವಿರಾಜಮಾರ್ಗ ಅವರ ಹೆಸರು ಹೇಳಿದ್ದರಿಂದ. ಒಂದೇ ಒಂದು ಸೈಟೇಷನ್ ಸಾವಿರ ವರ್ಷ ಕಾಪಾಡಿದೆ.

ನಮ್ಮ ಶಾಸ್ತ್ರ ಬೆಳೆದ ದಾರಿಯೂ ಹೀಗೇ ಕಾಣಿಸುತ್ತದೆ. 1977ರಲ್ಲಿ ಅಮೆರಿಕದ ವೈದ್ಯ ಜಾರ್ಜ್ ಎಂಗೆಲ್ ಕಾಯಿಲೆಯನ್ನು ಬರೀ ದೇಹದ ಲೆಕ್ಕದಲ್ಲಿ ನೋಡಬೇಡಿ, ಮನಸ್ಸು, ಮನೆ, ಸಮಾಜ ಸೇರಿಸಿ ಅಂದರು. ಮರುವರ್ಷವೇ ಅಮೆರಿಕದ ಮನೋವಿಜ್ಞಾನ ಸಂಘದಲ್ಲಿ ಆರೋಗ್ಯ ಮನೋವಿಜ್ಞಾನಕ್ಕೆ ಬೇರೆ ವಿಭಾಗ ಆಯಿತು. 1982ರಲ್ಲಿ ಅದರದ್ದೇ ಜರ್ನಲ್ ಬಂತು. 1983ರಲ್ಲಿ ಪ್ರೊಚಾಸ್ಕಾ ಮತ್ತು ಡಿಕ್ಲೆಮೆಂಟೆ, ಸಿಗರೇಟ್ ಬಿಡುವುದು ಒಂದೇ ದಿನದ ನಿರ್ಧಾರ ಅಲ್ಲ, ಹಂತ ಹಂತವಾಗಿ ಆಗುವುದು ಅಂದರು. ಆ ಪೇಪರನ್ನು ಯಾರು ಯಾರು ಎತ್ತಿಕೊಂಡರು ಎಂದು ಹಿಂಬಾಲಿಸಿ ನೋಡಿ. ತಂಬಾಕಿನಿಂದ ಹೊರಟು ಕುಡಿತ, ವ್ಯಾಯಾಮ, ಊಟದ ಪಥ್ಯ, ಆಮೇಲೆ ಮೊಬೈಲ್ ಆ್ಯಪ್‌ವರೆಗೆ ಹೋಗುತ್ತದೆ. ಐಸೆಕ್ ಆಝೆನ್ 1991ರಲ್ಲಿ ಬರೆದ ಒಂದು ಪೇಪರ್‌ಗೆ ಗೂಗಲ್ ಸ್ಕಾಲರ್‌ನಲ್ಲಿ ಒಂದು ಲಕ್ಷಕ್ಕೂ ಜಾಸ್ತಿ ಸೈಟೇಷನ್ ಇದೆ. ಮನುಷ್ಯ ಮಾಡಬೇಕು ಅಂದುಕೊಂಡದ್ದಕ್ಕೂ ಮಾಡುವುದಕ್ಕೂ ಏನು ಸಂಬಂಧ ಅನ್ನುವ ಪೇಪರ್ ಅದು. ಲಕ್ಷ ಜನ ಸುಮ್ನೆ ಬರೆದುಕೊಂಡರಾ?

ಇನ್ನು ವಿರೋಧಿಗಳ ವಿಷಯ. ಅವರು ಯಾವಾಗಲೂ ಹಾಡುವುದು ಒಂದೇ ರಾಗ: "ಗುಣ ನೋಡಿ, ಅಂಕಿ ನೋಡಬೇಡಿ." ಸರಿ ಸ್ವಾಮಿ, ಗುಣ ನೋಡುವವರು ಯಾರು? ನೀವೇ ತಾನೆ? ಆ ಮೇಜಿನ ಆಚೆ ಕೂತವರೇ ತಾನೆ? ಕೆಲಸ ಖಾಯಂ ಆಗಿ, ಎಲ್ಲ ಪ್ರೊಮೋಷನ್ ಮುಗಿಸಿ, ಮಕ್ಕಳನ್ನು ಅಮೆರಿಕಕ್ಕೆ ಕಳಿಸಿದ ಮೇಲೆ ಅಂಕಿ ಬೇಡ ಅನ್ನುವುದು ಬಹಳ ಸುಲಭ. ಮೋಸ ಮಾಡುತ್ತಾರೆ, ಒಬ್ಬರಿಗೊಬ್ಬರು ಸೈಟ್ ಮಾಡಿಕೊಳ್ಳುತ್ತಾರೆ ಅನ್ನುತ್ತಾರೆ. ಮಾಡುತ್ತಾರೆ. ತೂಕದಲ್ಲಿ ಮೋಸ ಮಾಡುವ ಅಂಗಡಿಯವನಿದ್ದಾನೆ ಅಂತ ತಕ್ಕಡಿಯನ್ನೇ ಎಸೆದು ಕೈ ಅಂದಾಜಿನಲ್ಲಿ ಕೊಡು ಅನ್ನುತ್ತೀರಾ? ರಾಶಿ ಸೈಟೇಷನ್ ಇದ್ದೂ ಪೇಪರ್‌ಗಳು ನಂಬಲು ಯೋಗ್ಯವಲ್ಲ ಎನಿಸಿಕೊಂಡ ಐಸೆಂಕ್ ಎಂಬ ಹೆಸರನ್ನೂ ಎತ್ತುತ್ತಾರೆ. ಬುಟ್ಟಿಯಲ್ಲಿ ಒಂದು ಮಾವಿನಹಣ್ಣು ಕೊಳೆತಿತ್ತು. ಆಯ್ತು. ಮುಂದೆ?

ಯುಜಿಸಿ 2010ರಲ್ಲಿ ಅಧ್ಯಾಪಕರ ನೇಮಕಕ್ಕೂ ಪ್ರೊಮೋಷನ್ನಿಗೂ ಎಪಿಐ ಎಂಬ ಅಂಕ ತಂದಾಗ ನಮ್ಮ ಹಿರಿಯರೆಲ್ಲ ಬೈದರು. ಪೇಪರ್‌ಗೆ ಇಷ್ಟು, ಇಂಪ್ಯಾಕ್ಟ್ ಫ್ಯಾಕ್ಟರ್ (ಜರ್ನಲ್ಲಿನ ಪೇಪರಿಗೆ ಸರಾಸರಿ ಎಷ್ಟು ಸೈಟೇಷನ್ ಬಂತು ಅನ್ನುವ ಅಂಕಿ) ಇರುವ ಜರ್ನಲ್ ಆದರೆ ಇನ್ನಷ್ಟು, ಇದೇನು ಕಿರಾಣಿ ಅಂಗಡಿಯಾ ಅಂದರು. ದುಡ್ಡು ಕೊಟ್ಟರೆ ಏನು ಬೇಕಾದರೂ ಅಚ್ಚು ಹಾಕುವ ಜರ್ನಲ್‌ಗಳು ಹುಟ್ಟಿಕೊಂಡವು, ಅದು ನಿಜ. ಆದರೆ ಆ ಜರ್ನಲ್‌ಗಳಲ್ಲಿ ಬಂದದ್ದನ್ನು ಎಷ್ಟು ಜನ ಸೈಟ್ ಮಾಡಿದರು ನೋಡಿ. ಪೇಪರ್ ಕೊಂಡುಕೊಳ್ಳಬಹುದು, ಇಂಡೋನೇಷ್ಯಾದ ಓದುಗನನ್ನು ಕೊಂಡುಕೊಳ್ಳುವುದು ಅಷ್ಟು ಸಲೀಸಲ್ಲ.

ನಾನು ಮತ್ತೆ ಇಂಟರ್‌ವ್ಯೂಗೆ ಹೋದೆ. ಬೇರೆ ಊರು, ಬೇರೆ ಮೇಜು. ಆಗ 16 ಸೈಟೇಷನ್ ಇದ್ದವು. ದೊಡ್ಡ ಸಂಖ್ಯೆಯೇನಲ್ಲ, ನಗಬೇಡಿ. ಆದರೆ ನಮೂನೆಯಲ್ಲಿ ಅದಕ್ಕೊಂದು ಕಾಲಂ ಇತ್ತು. ಕಾಲಂ ತುಂಬಬೇಕಾದರೆ ಫೈಲ್ ಬಿಚ್ಚಲೇಬೇಕಾಯಿತು.

ವಿರೋಧ: ಹೊಟ್ಟೆಯಲ್ಲಿ ಚಿಟ್ಟೆ
(ನಿವೃತ್ತ ಚಿಕಿತ್ಸಾ ಮನೋವಿಜ್ಞಾನಿ)

ವಿರೋಧ ನೀವು ಬರೆಯಿರಿ ಅಂದರು. ಪರ ಬರೆಯಲು ಆಗಲೇ ಒಬ್ಬರು ಒಪ್ಪಿದ್ದರಂತೆ. ನನ್ನ ಎರಡು ಪ್ರೊಮೋಷನ್‌ಗೂ ಸೈಟೇಷನ್ ಲೆಕ್ಕ ಸಹಾಯ ಮಾಡಿದೆ, ಹಾಗಾಗಿ ಸ್ವಲ್ಪ ಸಂಕೋಚದಿಂದಲೇ ಬರೆಯುತ್ತಿದ್ದೇನೆ. ಎದುರಿನ ಬರಹವನ್ನು ಸಂಪಾದಕರು ಮೊದಲೇ ಕಳಿಸಿದ್ದರು. ಚೆನ್ನಾಗಿದೆ. ವಶೀಲಿಯ ವಿಷಯ ಬೇರೆ, ಅದಕ್ಕೆ ಬೇರೆ ಮದ್ದು ಹುಡುಕಬೇಕು. ಅದನ್ನು ಇಲ್ಲಿ ಬೆರೆಸುವುದು ಬೇಡ. ದುರ್ವಿನೀತನ ಉದಾಹರಣೆ ಮಾತ್ರ ನನಗೇ ಅನುಕೂಲ. ಹೆಸರು ಎಲ್ಲರೂ ಹೇಳುತ್ತಾರೆ, ಬರಹ ಓದಿದವರು ಒಬ್ಬರೂ ಇಲ್ಲ.

ಅಂಕಿಗೆ ಜಾತಿ ಗೊತ್ತಿಲ್ಲವಂತೆ. ಇರಬಹುದು. ಅದಕ್ಕೆ ಇಂಗ್ಲಿಷ್ ಬಿಟ್ಟು ಬೇರೇನೂ ಗೊತ್ತಿಲ್ಲ. ಅಮೆರಿಕದ ಮನೋವಿಜ್ಞಾನ ಸಂಘದ ಆರು ಮುಖ್ಯ ಜರ್ನಲ್‌ಗಳನ್ನು 2008ರಲ್ಲಿ ಒಬ್ಬರು ಜಾಲಾಡಿದರು. ಅಲ್ಲಿ ಅಧ್ಯಯನಕ್ಕೆ ಒಳಗಾದ ಜನರಲ್ಲಿ ಶೇಕಡ 96 ಪಾಶ್ಚಾತ್ಯ ಕೈಗಾರಿಕಾ ದೇಶಗಳವರು. ಆ ದೇಶಗಳಲ್ಲಿರುವುದು ಪ್ರಪಂಚದ ಶೇಕಡ 12 ಜನ. ಅಂಥ ಕಡೆ ಎಣಿಸಿದ ಸೈಟೇಷನ್ನಿನಿಂದ ಬಳ್ಳಾರಿಯ ಕೆಲಸವನ್ನು ಅಳೆಯಬೇಕು.

ಬಳ್ಳಾರಿ ಅಂದದ್ದು ಸುಮ್ನೆ ಅಲ್ಲ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಆ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಡಾಕ್ಟರುಗಳಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಮಾನಸಿಕ ಕಾಯಿಲೆಗೆ ಹಳ್ಳಿಯಲ್ಲೇ ಮದ್ದು ಸಿಗುವ ಹಾಗೆ ಮಾಡಿ ನೋಡಿದರು. ಅದೇ ಮಾದರಿಯ ಮೇಲೆ 1996ರಲ್ಲಿ ದೇಶಕ್ಕೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. ಆ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆ ಯಾರ ಮನೆ ಬಾಗಿಲಿಗೆ ಹೋದರು ಅನ್ನುವುದಕ್ಕೆ ಸೈಟೇಷನ್ ಪಟ್ಟಿ ಇಡುವ ಸ್ಕೋಪಸ್‌ನಲ್ಲಿ ಎಂಟ್ರಿ ಇಲ್ಲ.

ಈಗ ಆ ಕೊಳೆತ ಮಾವಿನಹಣ್ಣು. ಹಾನ್ಸ್ ಐಸೆಂಕ್ ಲಂಡನ್ನಿನಲ್ಲಿದ್ದವರು, 1997ರಲ್ಲಿ ತೀರಿಕೊಂಡರು. ಅವರ ಕಾಲದಲ್ಲಿ ಅತಿ ಹೆಚ್ಚು ಸೈಟ್ ಆದ ಮನೋವಿಜ್ಞಾನಿಗಳ ಸಾಲಿನಲ್ಲಿ ಮುಂದೆ ನಿಂತವರು. ಜರ್ಮನಿಯ ಗ್ರೋಸಾರ್ಟ್-ಮಾಟಿಚೆಕ್ ಜೊತೆ ಸೇರಿ, ಕ್ಯಾನ್ಸರ್ ಬರುವ ಸ್ವಭಾವವೇ ಒಂದಿದೆ, ಸಿಗರೇಟಿಗಿಂತ ಸ್ವಭಾವದ ಪಾಲು ದೊಡ್ಡದು ಎಂಬ ಅರ್ಥದಲ್ಲಿ ಸಾಲು ಸಾಲು ಪೇಪರ್ ಬರೆದರು. ತಂಬಾಕು ಕಂಪನಿಗಳ ದುಡ್ಡೂ ಅವರಿಗೆ ಬರುತ್ತಿತ್ತು. ಪೆಲೋಸಿ ಮತ್ತು ಆ್ಯಪಲ್‌ಬಿ ಎಂಬ ಇಬ್ಬರು ಡಾಕ್ಟರುಗಳು 1992ರಲ್ಲೇ ಈ ಲೆಕ್ಕ ನಂಬುವ ಹಾಗಿಲ್ಲ ಎಂದು ಬರೆದರು. ಯಾರೂ ಅಲುಗಾಡಲಿಲ್ಲ. 2019ರಲ್ಲಿ ಪೆಲೋಸಿ ಮತ್ತೆ ಬರೆದರು, ನಮ್ಮ ಶಾಸ್ತ್ರದ್ದೇ ಜರ್ನಲ್‌ನಲ್ಲಿ. ಆಗ ಲಂಡನ್ನಿನ ಕಿಂಗ್ಸ್ ಕಾಲೇಜ್ ತನಿಖೆ ಮಾಡಿ 26 ಪೇಪರ್‌ಗಳು ನಂಬಲು ಯೋಗ್ಯವಲ್ಲ ಅಂದಿತು. 27 ವರ್ಷ! ಅಷ್ಟು ದಿನ ಆ ಪೇಪರ್‌ಗಳು ಸೈಟೇಷನ್ ದುಡಿಯುತ್ತಲೇ ಇದ್ದವು. ಬೈದು ಬರೆದವರೂ ಸೈಟ್ ಮಾಡಲೇಬೇಕಲ್ಲ, ಅದೂ ಸೇರಿತು. ಎಣಿಸುವ ಯಂತ್ರಕ್ಕೆ ಹೊಗಳಿಕೆ, ಬೈಗುಳ ಎರಡೂ ಒಂದೇ.

ಕಾರ್ನೆಲ್‌ನ ಪ್ರೊಫೆಸರ್ ಆಗಿದ್ದ ಬ್ರಯನ್ ವಾನ್ಸಿಂಕ್ ಇನ್ನೊಬ್ಬರು. ತಟ್ಟೆ ದೊಡ್ಡದಾದರೆ ಊಟ ಜಾಸ್ತಿ ಅನ್ನುವ ಮಾತಿನಿಂದ ಹೆಸರಾದವರು. 2018ರಲ್ಲಿ ಒಂದೇ ದಿನ ಅವರ ಆರು ಪೇಪರ್‌ಗಳನ್ನು ಜರ್ನಲ್‌ನವರು ಹಿಂದಕ್ಕೆ ತೆಗೆದರು, ಅಂದರೆ ಇವನ್ನು ನಂಬುವ ಹಾಗಿಲ್ಲ ಅಂದರು. ಬುಟ್ಟಿಯಲ್ಲಿ ಎರಡು ಹಣ್ಣಾಯಿತು.

ಆದರೆ ನನ್ನ ತಕರಾರು ಇಂಥ ದೊಡ್ಡವರ ಬಗ್ಗೆ ಅಲ್ಲ. ನಮ್ಮ ಶಾಸ್ತ್ರದಲ್ಲಿ ಪ್ರಶ್ನಾವಳಿಗಳು ಬಹಳ ಸೈಟ್ ಆಗುತ್ತವೆ. ಒತ್ತಡ ಅಳೆಯುವುದು, ಆತಂಕ ಅಳೆಯುವುದು. ಕೋವಿಡ್ ಬಂದ ಕೆಲವೇ ವಾರಗಳಲ್ಲಿ, 2020ರಲ್ಲಿ, ಕೋವಿಡ್ ಭಯ ಅಳೆಯಲು ಏಳು ಪ್ರಶ್ನೆಗಳ ಒಂದು ಮಾಪಕ ಬಂತು. ಸಾವಿರಾರು ಪೇಪರ್‌ಗಳು ಅದನ್ನು ಎತ್ತಿಕೊಂಡವು. ಲಾಕ್‌ಡೌನ್‌ನಲ್ಲಿ ಎಲ್ಲರೂ ಮನೆಯಲ್ಲಿದ್ದರು, ಗೂಗಲ್ ಫಾರಂ ಪುಕ್ಕಟೆ. ಮಾಪಕ ಬಳಸಿದವರೆಲ್ಲ ಸೈಟ್ ಮಾಡುತ್ತಾರೆ. ಬಸ್ ಹತ್ತಿದವರೆಲ್ಲ ಟಿಕೆಟ್ ತೆಗೆದುಕೊಂಡ ಹಾಗೆ. ಟಿಕೆಟ್ ಎಣಿಸಿದರೆ ಬಸ್ಸು ತುಂಬಿತ್ತು ಅನ್ನಬಹುದು. ಸರಿಯಾದ ಊರಿಗೆ ಹೋಯಿತಾ ಅನ್ನುವುದಕ್ಕೆ ಟಿಕೆಟ್ ಸಾಕ್ಷಿ ಅಲ್ಲ.

ನನ್ನದೇ ಕಥೆ ಹೇಳುತ್ತೇನೆ. ನನ್ನ ಅತಿ ಹೆಚ್ಚು ಸೈಟ್ ಆದ ಪೇಪರ್ ಒಂದು ಪ್ರಶ್ನಾವಳಿಯನ್ನು ಕನ್ನಡಕ್ಕೆ ತಂದದ್ದು. ಒಂದು ತಿಂಗಳ ಕೆಲಸ. ನನಗೆ ನಿಜವಾಗಿ ಪಾಠ ಕಲಿಸಿದ್ದು ಇನ್ನೊಂದು. 1983ರಲ್ಲಿ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಜಿಗ್ಮಂಡ್ ಮತ್ತು ಸ್ನೇತ್ ಎಂಬ ಇಬ್ಬರು ಆಸ್ಪತ್ರೆಯ ರೋಗಿಗಳ ಆತಂಕ, ಖಿನ್ನತೆ ಅಳೆಯಲು 14 ಪ್ರಶ್ನೆಗಳ ಒಂದು ಮಾಪಕ ಮಾಡಿದರು. ಪ್ರಪಂಚದ ಎಲ್ಲ ಕಡೆ ಬಳಸುತ್ತಾರೆ. ಅದರಲ್ಲಿ ಒಂದು ಸಾಲಿದೆ: ಹೊಟ್ಟೆಯಲ್ಲಿ ಚಿಟ್ಟೆ ಹಾರಾಡಿದಂಥ ಹೆದರಿಕೆ ಆಗುತ್ತದೆಯೇ? ಇಂಗ್ಲಿಷಿನವರಿಗೆ ಅದು ದಿನದ ಮಾತು. ಒಮ್ಮೆ ನಮ್ಮ ವಾರ್ಡಿನಲ್ಲಿ, ಹೃದಯದ ಆಪರೇಷನ್‌ಗೆ ಕಾಯುತ್ತಿದ್ದ ಒಬ್ಬ ಅಜ್ಜಿಗೆ ನನ್ನ ವಿದ್ಯಾರ್ಥಿ ಅದನ್ನು ಇದ್ದದ್ದು ಇದ್ದ ಹಾಗೇ ಕೇಳಿದ. ಅಜ್ಜಿ ಗಾಬರಿಯಾಗಿ ಹೊಟ್ಟೆ ಮುಟ್ಟಿ ನೋಡಿಕೊಂಡರು. "ಚಿಟ್ಟೆನಾ? ಡಾಕ್ಟ್ರು ಏನೂ ಹೇಳ್ಲಿಲ್ವಲ್ಲಪ್ಪಾ!"

ಆಮೇಲೆ ಅವರ ಹತ್ತಿರ ಕೂತೆವು. "ಸಂಕಟ ಆಗುತ್ತೆ" ಅಂದರು. ಹೊಟ್ಟೆ ತೊಳಸಿದರೂ ಸಂಕಟ, ದುಃಖ ಆದರೂ ಸಂಕಟ, ಮಗ ಫೋನ್ ಮಾಡದಿದ್ದರೂ ಸಂಕಟ. ಪಕ್ಕದ ಬೆಡ್ಡಿನವರು "ಕರುಳು ಕಿವುಚಿದಂಗೆ" ಅಂದರು. ಇನ್ನೊಬ್ಬರಿಗೆ "ಎದೆ ಡವಡವ". ಹುಬ್ಬಳ್ಳಿ ಕಡೆಯವರು ಬೇರೆ ಏನೋ ಅಂದರು, ವಿದ್ಯಾರ್ಥಿ ಬರೆದುಕೊಂಡ. ಹೀಗೆ ಆರು ತಿಂಗಳು ವಾರ್ಡಿನಿಂದ ವಾರ್ಡಿಗೆ ತಿರುಗಿ, ಭಯಕ್ಕೆ ಜನ ಏನೇನು ಹೇಳುತ್ತಾರೆ ಎಂದು ಒಂದು ನೋಟ್‌ಬುಕ್ ತುಂಬಿಸಿದೆವು. ಅದನ್ನು ಪೇಪರ್ ಮಾಡಿದಾಗ ವಿದೇಶದ ಒಂದು ಜರ್ನಲ್ ಇದು ಸ್ಥಳೀಯ ವಿಷಯ ಎಂದು ವಾಪಸ್ ಕಳಿಸಿತು. ಚಿಟ್ಟೆ ಯಾವ ಊರಿನದು ಅಂತ ಕೇಳಬೇಕಿತ್ತು, ಕೇಳಲಿಲ್ಲ. ಕೊನೆಗೆ ಇಲ್ಲೇ ಒಂದು ಸಣ್ಣ ಪತ್ರಿಕೆಯಲ್ಲಿ ಬಂತು. ಮೂರು ಸೈಟೇಷನ್. ಅದರಲ್ಲಿ ಎರಡು ನನ್ನವೇ.

ಇಂಪ್ಯಾಕ್ಟ್ ಫ್ಯಾಕ್ಟರ್ ನೋಡುವುದು ಎರಡು ವರ್ಷದ ಹಿಂದಿನವರೆಗೆ ಮಾತ್ರ, ಸಿಗರೇಟ್ ಬಿಟ್ಟವನು ಬಿಟ್ಟೇ ಇದ್ದಾನಾ ಎಂದು ತಿಳಿಯಲು ಅದಕ್ಕಿಂತ ಜಾಸ್ತಿ ವರ್ಷ ಬೇಕು ಎಂದೂ ಬರೆಯಬೇಕೆಂದಿದ್ದೆ. ಕೊಟ್ಟ ಜಾಗ ಅಜ್ಜಿಗೇ ಖರ್ಚಾಯಿತು.

ಆ ಒಂದು ತಿಂಗಳ ಪೇಪರ್‌ಗೆ ಮೊನ್ನೆ ಇನ್ನೊಂದು ಸೈಟೇಷನ್ ಬಂದಿದೆ. ಫೋನಿನಲ್ಲಿ ನೋಡಿದೆ. ಮನೆಯವಳಿಗೂ ತೋರಿಸಿದೆ.