ಅತ್ತಿಗೆ ಯಾವ ಮನೆಯವರು?

ಹಾಸನದ ನಮ್ಮ ಮನೆಯಲ್ಲಿ ನಾಲ್ಕು ಜನ. ಕೆಳಗೆ ಅಮ್ಮ ಮತ್ತು ಮದುವೆಯಾಗದ ನಾನು. ಮೇಲೆ ಅಣ್ಣ, ಅತ್ತಿಗೆ. ಒಲೆ ಒಂದೇ, ಅದು ಕೆಳಗಿದೆ. ಮುದ್ದೆ ಕಟ್ಟೋದು ಅತ್ತಿಗೆ, ಗಂಟಾಗಿದೆ ಅನ್ನೋದು ಅಮ್ಮ, ಎರಡು ನುಂಗಿ ಸುಮ್ಮನೆ ಕೈ ತೊಳೆಯೋದು ಅಣ್ಣ. ಹದಿನಾಲ್ಕು ವರ್ಷದಿಂದ ಹೀಗೇ ನಡೆದಿದೆ.

ಅಷ್ಟರಲ್ಲಿ ಮೂರು ಸಲ ಮನೆ ಪಾಲಾಗುವ ಮಾತು ಬಂದಿತ್ತು. ಒಂದು ಸಲ ಕುಕ್ಕರಿನ ಗ್ಯಾಸ್ಕೆಟ್ ವಿಷಯಕ್ಕೆ. ಉಳಿದ ಎರಡು ಅಷ್ಟು ದೊಡ್ಡ ಜಗಳವಲ್ಲ. ಮೂರೂ ಸಲ ಅಮ್ಮ ಸೆರಗಲ್ಲಿ ಕಣ್ಣೊರೆಸಿಕೊಂಡು, "ನಾನು ಸತ್ತ ಮೇಲೆ ಏನಾದ್ರೂ ಮಾಡ್ಕೊಳ್ಳಿ" ಅಂದಿದ್ದಳು. ಅಂಥ ಅಮ್ಮ 2023ರಲ್ಲಿ ಒಂದು ಬೆಳಿಗ್ಗೆ ಕಾಫಿ ಲೋಟ ಕೆಳಗಿಟ್ಟು, "ಬೇರೆ ಆಗ್ಬಿಡೋಣ ಕಣ್ರೋ" ಅಂದಳು. ಮುಖದಲ್ಲಿ ಸಂತೋಷವೋ ಸಂತೋಷ.

ಆ ವರ್ಷ ಆಗಸ್ಟಿನಲ್ಲಿ ಗೃಹಲಕ್ಷ್ಮಿ ಶುರುವಾಗಿತ್ತು. ರೇಷನ್ ಕಾರ್ಡಿನಲ್ಲಿ ಯಜಮಾನಿ ಅಂತ ಯಾರ ಹೆಸರಿದೆಯೋ ಅವರ ಖಾತೆಗೆ ತಿಂಗಳಿಗೆ 2,000 ರೂಪಾಯಿ. ದುಡ್ಡು ಅತ್ತೆಗೋ ಸೊಸೆಗೋ ಅಂತ ರಾಜ್ಯದ ತುಂಬಾ ಚರ್ಚೆಯಾಗಿ ಸರ್ಕಾರವೇ ವಿವರಣೆ ಕೊಡಬೇಕಾಯಿತು. ನಮ್ಮ ಕಾರ್ಡಿಗೆ ಅಮ್ಮನೇ ಯಜಮಾನಿ. ಒಂದು ಕಾರ್ಡು ಎರಡಾದರೆ ಇಬ್ಬರು ಯಜಮಾನಿಯರು, ಇಬ್ಬರಿಗೂ ಎರಡೆರಡು ಸಾವಿರ. ಯಾವ ಪಂಚಾಯ್ತಿಯೂ ಬಗೆಹರಿಸದ ಅತ್ತೆ ಸೊಸೆ ಜಗಳಕ್ಕೆ ಇಷ್ಟು ಸುಲಭದ ಪರಿಹಾರ ಇತ್ತು ನೋಡಿ.

ಬೇರೆ ಆಗುವ ಅಭ್ಯಾಸ ಆಗಲೇ ಶುರುವಾಗಿತ್ತು ಬಿಡಿ. ಗೃಹಜ್ಯೋತಿ ಬಂದಾಗಿನಿಂದ ನಮ್ಮ ಮನೆಯಲ್ಲಿ ಗೋಡೆ ಗಡಿಯಾರಕ್ಕಿಂತ ಮೀಟರನ್ನು ಜಾಸ್ತಿ ನೋಡುತ್ತಾರೆ. ಕೆಳಗೊಂದು, ಮೇಲೊಂದು, ಎರಡು ಮೀಟರ್. 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು. ಹಾಗಾಗಿ ತಿಂಗಳ ಕೊನೆಗೆ ಅಮ್ಮ ಟಾರ್ಚ್ ಹಿಡಿದು ಬೋರ್ಡಿನ ಹತ್ತಿರ ನಿಲ್ಲುತ್ತಾಳೆ. "ಕೆಳಗಿಂದು ನೂರಾ ತೊಂಬತ್ತಾಗೋಯ್ತು ಕಣೇ!" ಅನ್ನುತ್ತಾಳೆ. ತಕ್ಷಣ ಒಂದು ಕೈಯಲ್ಲಿ ಮಿಕ್ಸಿ, ಇನ್ನೊಂದರಲ್ಲಿ ತೆಂಗಿನಕಾಯಿ ಬಟ್ಟಲು ಹಿಡಿದು ಮೆಟ್ಟಿಲು ಹತ್ತುತ್ತಾಳೆ. ಮಂಡಿನೋವು ಅಂತ ದೇವಸ್ಥಾನದ ನಾಲ್ಕು ಮೆಟ್ಟಿಲು ಹತ್ತದವಳು. ಚಟ್ನಿ ಮೇಲಿನ ಮನೆಯಲ್ಲಿ ರುಬ್ಬಿಸಿಕೊಂಡು ಕೆಳಗಿನ ಮನೆಯ ದೋಸೆಗೆ ಬರುತ್ತದೆ.

ಮೀಟರಿನಷ್ಟು ಸಲೀಸಾಗಿ ಕಾರ್ಡು ಒಡೆಯಲಿಲ್ಲ. ಸೈಬರ್ ಹುಡುಗ, "ಮೊದ್ಲು ಹಳೇ ಕಾರ್ಡಿಂದ ಹೆಸರು ತೆಗೆಸಿ ಸಾರ್, ಆಮೇಲೆ ಹೊಸದಕ್ಕೆ ಹಾಕೋಣ" ಅಂದ. ಹೆಸರು ತೆಗೆಯುವ ಕೆಲಸ ಬಲು ಬೇಗ ಆಯಿತು. ಹೊಸದಕ್ಕೆ ಹಾಕೋಣ ಅಂದರೆ ವೆಬ್‌ಸೈಟ್ ತೆರೆದಿಲ್ಲ. ನಮ್ಮ ಹಾಸನಾಂಬೆ ಗುಡಿ ಬಾಗಿಲು ವರ್ಷಕ್ಕೊಮ್ಮೆ ಆಶ್ವಯುಜದಲ್ಲಿ ತೆರೆಯುತ್ತೆ, ಯಾವತ್ತು ಅಂತ ತಿಂಗಳ ಮೊದಲೇ ಗೊತ್ತಿರುತ್ತೆ. ಈ ಬಾಗಿಲು ಯಾವಾಗ ತೆರೆದು ಯಾವಾಗ ಮುಚ್ಚಿತು ಅನ್ನೋದು ಮುಚ್ಚಿದ ಮೇಲೆ ತಿಳಿಯುತ್ತೆ. ಅಂತೂ ಒಂದು ದಿನ ಅರ್ಜಿ ಒಳಗೆ ಹೋಯಿತು. ಅವತ್ತಿಂದ "ಪರಿಶೀಲನೆಯಲ್ಲಿದೆ".

ಈಗ ಪರಿಸ್ಥಿತಿ ಏನಪ್ಪಾ ಅಂದರೆ, ಅತ್ತಿಗೆ ಅತ್ತೆಯ ಕಾರ್ಡಿನಲ್ಲಿಲ್ಲ. ತವರಿನ ಕಾರ್ಡಿಂದ ಹದಿನಾಲ್ಕು ವರ್ಷದ ಹಿಂದೆಯೇ ಹೊರಗೆ. ತಮ್ಮದು ಅಂತ ಕಾರ್ಡೂ ಇಲ್ಲ. ಕಾಗದದ ಪ್ರಕಾರ ಅವರು ಯಾವ ಮನೆಯವರೂ ಅಲ್ಲ. ಯಾವ ಮನೆಗೂ ಸೇರದ ಈ ಹೆಂಗಸು ದಿನಾ ಬೆಳಿಗ್ಗೆ ನಮ್ಮ ಅಡುಗೆಮನೆಗೆ ಬಂದು ಕಾಫಿಗೆ ನೀರಿಡುತ್ತಾರೆ.

2025ರ ಸೆಪ್ಟೆಂಬರಲ್ಲಿ ಜಾತಿ ಸಮೀಕ್ಷೆ ಬಂತು. ಮೀಟರ್ ನೋಡುವವರು ಮೊದಲೇ ಬಂದು ಬಾಗಿಲಿಗೆ ಸ್ಟಿಕ್ಕರ್ ಅಂಟಿಸಿ ಹೋಗಿದ್ದರು. ಮೀಟರ್ ಎರಡು, ಸ್ಟಿಕ್ಕರೂ ಎರಡು. ಪಾಪ, ಮೇಷ್ಟ್ರು ದಸರಾ ರಜೆಯಲ್ಲಿ ಫೋನು ಹಿಡಿದು ಬಂದರು. ಕೆಳಗೆ 60 ಪ್ರಶ್ನೆ, ಮೇಲೆ ಹತ್ತಿ ಮತ್ತೆ ಅದೇ 60.

"ಕುಟುಂಬದ ಮುಖ್ಯಸ್ಥರು ಯಾರಮ್ಮಾ?"

ಅಣ್ಣ ಅತ್ತಿಗೆಯನ್ನು ನೋಡಿದ. ಅತ್ತಿಗೆ ಮೆಟ್ಟಿಲ ಕಡೆ ನೋಡಿದರು. ಅಲ್ಲಿ ಅಮ್ಮ, ಯಾರೂ ಕರೆಯದೆ, ಅರ್ಧ ಹತ್ತಿ ನಿಂತಿದ್ದಳು. "ಇಬ್ರೂ ಅಂತ ಬರ್ಕೊಳ್ಳಿ" ಅಂದಳು. ಹಾಗೆ ಬರೆಯೋಕೆ ಆ್ಯಪಲ್ಲಿ ಜಾಗ ಇಲ್ಲವಂತೆ. ಹಾಗಾದ್ರೆ ಒಲೆ ಎಷ್ಟು ಅಂತ ಕೇಳಿ ಸಾರ್ ಅಂದೆ ನಾನು. ಮೇಷ್ಟ್ರು ನನ್ನ ಕಡೆ ತಿರುಗಿ ಮದುವೆಯಾಗಿದೆಯಾ ಅಂತ ಕೇಳಿದರು. ಸುಮ್ಮನಾದೆ.

ಅಕ್ಟೋಬರಿನಲ್ಲಿ ಹಾಸನಾಂಬೆ ಬಾಗಿಲು ತೆರೆಯಿತು. ಒಳಗೆ ಸೊಸೆ ಕಲ್ಲು ಅಂತ ಒಂದಿದೆ. ಅತ್ತೆಯ ಕಾಟ ತಾಳದೆ ಕಲ್ಲಾದ ಸೊಸೆಯಂತೆ. ವರ್ಷಕ್ಕೆ ಒಂದು ಅಕ್ಕಿಕಾಳಿನಷ್ಟು ದೇವಿಯ ಕಡೆ ಸರಿಯುತ್ತಾಳೆ, ಪಾದ ಮುಟ್ಟಿದ ದಿನ ಕಲಿಯುಗ ಮುಗಿಯುತ್ತೆ ಅಂತ ನಂಬಿಕೆ. ನಮ್ಮ ಅರ್ಜಿಯದೂ ಹೆಚ್ಚುಕಮ್ಮಿ ಅದೇ ವೇಗ.

ಧರ್ಮದರ್ಶನದ ಸಾಲು ನೋಡಿ ಅತ್ತಿಗೆ ವಾಪಸ್ ಹೋಗೋಣ ಅಂದರು. ಅಮ್ಮ ಪರ್ಸಿನಿಂದ ಎರಡು ಸಾವಿರ ತೆಗೆದು ಸಾವಿರದ ಟಿಕೆಟ್ ಎರಡು ತರಿಸಿದಳು. ಗೃಹಲಕ್ಷ್ಮಿ ದುಡ್ಡು.

"ಅತ್ತೆ, ಅದು ನಿಮ್ಮ ಮನೆ ದುಡ್ಡಲ್ವಾ? ನಾನು ಬೇರೆ ಮನೆಯವಳು" ಅಂದರು ಅತ್ತಿಗೆ, ನಗು ತಡೆದುಕೊಂಡು.

"ಬಾಯ್ಮುಚ್ಕೊಂಡು ನಡಿಯೇ, ಸಾರಿಗೆ ಬೇಳೆ ನೆನೆಹಾಕಿ ಬಂದಿದೀಯಾ ತಾನೆ?" ಅಂದಳು ಅಮ್ಮ.