ಹುಣಸೆ ಗಿಡದಾಕಿಗೆ ಒಂದು ಧಾಟಿ

ನಮ್ಮ ಹೊಲದ ಬದುವಿನ ಮೇಲೆ ಒಂದು ಹುಣಸೆ ಗಿಡ ಇದೆ. ಕಲಬುರಗಿ ಕಡೆ ಮರ ಅಂದರೆ ಕಾಳು ಕೇರುವ ಮರ. ನೆಲದಲ್ಲಿ ಬೇರು ಬಿಟ್ಟು ನಿಂತದ್ದೆಲ್ಲ ಗಿಡವೇ, ಎಷ್ಟೇ ದೊಡ್ಡದಿರಲಿ. ಆ ಗಿಡದಲ್ಲಿ ಒಬ್ಬಾಕೆ ಇದ್ದಾಳಂತೆ. ಹೆಸರಿಲ್ಲ. ಅವ್ವ 'ಆಕಿ' ಅಂತಾಳೆ, ಅಷ್ಟೇ. ಮಟಮಟ ಮಧ್ಯಾಹ್ನ ಅದರ ಕೆಳಗೆ ಮಲಗಬಾರದು, ಗಾಳಿ ಬಡಿಯುತ್ತದೆ. ಆದರೆ 42 ಡಿಗ್ರಿ ಬಿಸಿಲಿಗೆ ಸುತ್ತ ಬೇರೆ ನೆರಳೇ ಇಲ್ಲ. ಹಾಗಾಗಿ ಎಲ್ಲರೂ ಅಲ್ಲೇ ಮಲಗುತ್ತಾರೆ. ಆಕಿ ಪಾಪ, ಸುಮ್ನೆ ಇರುತ್ತಾಳೆ.

ಈಕೆಗೊಂದು ಹಾಡು ಕಟ್ಟುವ ಹುಚ್ಚು ನನಗೆ ಹಿಡಿದದ್ದು ಹೋದ ಬೇಸಿಗೆಯಲ್ಲಿ. ಮನೆಯಲ್ಲಿ ಹಳೇ ಹಾರ್ಮೋನಿಯಂ ಇತ್ತು, ಕೈಯಲ್ಲಿ ಕೆಲಸ ಇರಲಿಲ್ಲ. ವನದೇವತೆ ಅಂದ ಕೂಡಲೇ ತಲೆಗೆ ಬಂದದ್ದು ಮಲೆನಾಡು. ಮಂಜು, ಜಡಿಮಳೆ, ದೂರದಲ್ಲೆಲ್ಲೋ ಕೊಳಲು. ಸರಿ, ನಮ್ಮ ಜಿಲ್ಲೆಯಲ್ಲೂ ಕಾಡಿದೆಯಲ್ಲ ಅಂತ ಏಪ್ರಿಲ್‌ನಲ್ಲಿ ಚಿಂಚೋಳಿಗೆ ಹೋದೆ. 2011ರಲ್ಲಿ ವನ್ಯಜೀವಿ ಧಾಮವಾದ ಕಾಡು, ಸುಮಾರು 134 ಚದರ ಕಿಲೋಮೀಟರ್. ತೇಗದ ಗಿಡಗಳು ಎಲೆ ಉದುರಿಸಿ ಬೋಳಾಗಿ ನಿಂತಿದ್ದವು. ಒಣ ಎಲೆ ಮೇಲೆ ಕಾಲಿಟ್ಟರೆ ಹಪ್ಪಳ ಮುರಿದ ಸದ್ದು. ಕೊಳಲಿನ ಆಸೆ ಅಲ್ಲೇ ಬಿಟ್ಟೆ. ಆ ಚರಪರ ಮಾತ್ರ ಜೊತೆಗೆ ಬಂತು. ದಮ್ಮಡಿಯ ಚರ್ಮದ ಮೇಲೆ ಉಗುರು ಆಡಿಸಿದರೆ ಹೆಚ್ಚುಕಡಿಮೆ ಅದೇ ಸದ್ದು.

ಮೊದಲ ಧಾಟಿ ಭೈರವಿಯಲ್ಲಿ. ಎಳೆದೆಳೆದು ಹಾಡಿದೆ. ಸಿನಿಮಾದಲ್ಲಿ ಬಿಳಿ ಸೀರೆಯವಳು ದೀಪ ಹಿಡಿದು ಬರುತ್ತಾಳಲ್ಲ, ಹಾಗಾಯಿತು. ತೊಗರಿ ಬೇಳೆ ಹಸನು ಮಾಡುತ್ತಿದ್ದ ಅವ್ವ ಮರ ಕೆಳಗಿಟ್ಟಳು.

"ಯಾಕೋ, ಆಕಿನ್ನ ಹಿಂಗ್ಯಾಕ ಅಂಜಸ್ಲತ್ತಿ?"

"ಅಂಜ್ಸಾಕಿ ಆಕಿ ಅಲ್ಲೇನವ್ವಾ?"

"ಆಕಿ ಯಾವಾಗ ಅಂಜಿಸ್ಯಾಳ? ವರ್ಷಕ್ಕೊಮ್ಮೆ ಕರದು ಉಣ್ಲಾಕ ಹಾಕ್ತೀವಿ. ಉಂಡು ಸುಮ್ಮನಿರ್ತಾಳ."

ಎಳ್ಳ ಅಮಾವಾಸ್ಯೆಯ ಮಾತು ಅದು. ಬನ್ನಿ ಗಿಡದ ಕೆಳಗೆ ಐದು ಕಲ್ಲುಗಳು ಪಾಂಡವರಾಗಿ ಕೂರುತ್ತವೆ. ಸಜ್ಜೆ ಕಡುಬು, ಕಾಳು-ಕಾಯಿಪಲ್ಯದ ಭಜ್ಜಿ ಕಲಸಿ ಹೊಲದ ಸುತ್ತ ಚರಗ ಚೆಲ್ಲುತ್ತೇವೆ. ಒಬ್ಬರು ಮುಂದೆ ಎರಚುತ್ತಾ, ಇನ್ನೊಬ್ಬರು ಹಿಂದೆ ನೀರು ಚಿಮುಕಿಸುತ್ತಾ, ಇಬ್ಬರೂ ಕೂಗುತ್ತಾ. ಹುಣಸೆ ಗಿಡ ಬಂದಾಗ ಅವ್ವನ ಕೈ ಒಂದು ತುತ್ತು ಜಾಸ್ತಿಯೇ ಎರಚುತ್ತದೆ. ಆ ಕೂಗನ್ನೇ ಆಕೆ ಈಗ ಗುನುಗಿದಳು. ನಾನು ಹಾರ್ಮೋನಿಯಂನಲ್ಲಿ ಹುಡುಕಿದೆ. ಷಡ್ಜದಿಂದ ಪಂಚಮಕ್ಕೆ ಒಂದೇ ನೆಗೆತ, ಅಲ್ಲಿಂದ ಮೆಲ್ಲಗೆ ಇಳಿತ. ಬಯಲಲ್ಲಿ ಆಚೆ ಬದುವಿಗೆ ದನಿ ಮುಟ್ಟಬೇಕಾದರೆ ನೆಗೆಯಲೇಬೇಕು, ಅಲ್ವಾ? ಇಡೀ ಬೇಸಿಗೆ ನಾನು ಹುಡುಕಿದ್ದು ಪ್ರತಿ ವರ್ಷ ನಾನೇ ಕೂಗುತ್ತಿದ್ದದ್ದು!

ಇನ್ನು ಉಳಿದದ್ದು ಹಾಡಿನ ನಡೆ. ಅದಕ್ಕೆ ಪಕ್ಕದ ಹೊಲದ ಕಾಕಾನ ಹತ್ತಿರ ಹೋದೆ. ಹಿಂದೆ ಕಣದಲ್ಲಿ ಮೇಟಿ ಸುತ್ತ ಎತ್ತು ಕಟ್ಟಿ ರಾತ್ರಿಯಿಡೀ ತೆನೆ ತುಳಿಸುತ್ತಾ ಹಂತಿ ಹೊಡೆಯುವಾಗ ಹಾಡಿದವನು. ಒಬ್ಬ ಎತ್ತಿಕೊಡುತ್ತಾನೆ, ಉಳಿದವರು ಹಿಡಿದುಕೊಳ್ಳುತ್ತಾರೆ. ಎತ್ತಿನ ಹೆಜ್ಜೆಯೇ ತಾಳ. ಈಗ ರಾಶಿ ಮಷೀನ್ ಬಂದು ಒಂದು ತಾಸಿಗೆ ಎಲ್ಲಾ ಮುಗಿಸಿ ಹೋಗುತ್ತದೆ. ಕಾಕಾ ನನ್ನ ಧಾಟಿ ಕೇಳಿ, "ಭಾಳ ಓಡ್ಲತ್ತದ ತಮ್ಮಾ, ಎತ್ತ ದಣೀತಾವ" ಅಂದ. ಇಲ್ಲದ ಎತ್ತಿಗಾಗಿ ಹಾಡನ್ನು ಅರ್ಧಕ್ಕರ್ಧ ನಿಧಾನ ಮಾಡಿದೆ. ಆಗ ಕೂತಿತು.

ಒಂದು ಸಂಜೆ ಗಿಡದ ಕೆಳಗೇ ಕೂತು ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿದೆ. 'ಬಾರವ್ವ ಬದುವಿನಾಕಿ, ಉಣ್ಣ ಬಾರ' ಅಂತ ಶುರು. ನಡುವೆ ಎರಡು ಸಲ ಟಿಟ್ಟಿಭ ಹಕ್ಕಿ ಕೂಗಿದೆ, ತೆಗೆಯಲು ಮನಸ್ಸಾಗಲಿಲ್ಲ. ಅವ್ವ ಪೂರ್ತಿ ಕೇಳಿದಳು.

"ಉಣ್ಲಾಕ ಕರದಿ, ಖರೆ. ಏನ್ ಅಡಗಿ ಅಂತ ಹೇಳ್ಲೇ ಇಲ್ಲಲ್ಲ?"

ಈಗ ಎರಡನೇ ಸಾಲಿನಲ್ಲಿ ಕಡುಬು ಕೂತಿದೆ. ಭಜ್ಜಿಗೆ ಇನ್ನೂ ಜಾಗ ಸಿಕ್ಕಿಲ್ಲ.