ಒಬ್ಬ ಜಾತ್ರೆಗೆ ಹೋದ್ರೆ 25 ಪರ್ಸೆಂಟ್ ಕುಸಿತ

ನಮ್ಮೂರ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ಹೋದ ಸಲ ತಾಲೂಕಿಗೇ ಫಸ್ಟು, ಈ ಸಲ ಕೆಂಪು ಪಟ್ಟಿ. ಏನಾಯ್ತು ಅಂತೀರಾ? ಏಳನೇ ಕ್ಲಾಸಲ್ಲಿರೋದೇ ನಾಲ್ಕು ಮಕ್ಳು, ಅದ್ರಲ್ಲೊಬ್ಬ ಪರೀಕ್ಷೆ ದಿನ ಅಜ್ಜಿ ಊರ ಜಾತ್ರೆಗೆ ಹೋಗ್ಬಿಟ್ಟ, ಅಷ್ಟೇ. ನೂರಿದ್ದದ್ದು ಎಪ್ಪತ್ತೈದಕ್ಕೆ ಬಂತು. ಮೀಟಿಂಗಲ್ಲಿ ಇದಕ್ಕೆ "ಗುಣಮಟ್ಟದಲ್ಲಿ 25 ಪರ್ಸೆಂಟ್ ಕುಸಿತ" ಅಂತಾರೆ, ಮನೇಲಿ ನಾವು ರಥೋತ್ಸವ ಅಂತೀವಿ.

ಆ ಪ್ರಗತಿ ಪರಿಶೀಲನಾ ಸಭೆಗೆ ಶಾಲೆ ಮೇಲುಸ್ತುವಾರಿ ಸಮಿತಿ, ಅದೇ ಎಸ್‌ಡಿಎಂಸಿ ಕಡೆಯಿಂದ ನಾನೂ ಹೆಡ್‌ಮೇಷ್ಟ್ರ ಜೊತೆ ಹೋಗಿದ್ದೆ. ಗೋಡೆ ಮೇಲೆ ಪಿಪಿಟಿ, ಹಸಿರು ಹಳದಿ ಕೆಂಪು, ಥೇಟ್ ಸಿಗ್ನಲ್ ಲೈಟು. ಹೋಬಳಿ ಶಾಲೇಲಿ ಅರವತ್ತು ಮಕ್ಳು, ಹತ್ತು ಜನ ಮೇಷ್ಟ್ರು, ಮಟ್ಟ ಮುಟ್ಟದೋರು ಒಂಬತ್ತು, ಅಂದ್ರೆ 85 ಪರ್ಸೆಂಟು, ಅವ್ರಿಗೆ ಶಾಲು ಹಾರ. ನಮ್ಮಲ್ಲಿ ಏಳು ಕ್ಲಾಸಿಗೆ ಇಬ್ಬರೇ ಮೇಷ್ಟ್ರು, ಅದ್ರಲ್ಲೊಬ್ರು ವೋಟರ್ ಲಿಸ್ಟ್ ನೋಡ್ಕೊಳ್ಳೋ ಬಿಎಲ್‌ಒ, ಇನ್ನೊಬ್ರು ಮೊಟ್ಟೆ ಲೆಕ್ಕ ಬರೆಯೋರು, 2025ರ ಅಕ್ಟೋಬರಲ್ಲಿ ಜಾತಿ ಸಮೀಕ್ಷೆಗೋಸ್ಕರ ದಸರಾ ರಜೆ 18ನೇ ತಾರೀಖಿನವರೆಗೂ ಎಳೆದ್ರಲ್ಲ, ಆಗ ಇಬ್ರೂ ಮನೆಮನೆ ಸುತ್ತಿ 60 ಪ್ರಶ್ನೆ ಕೇಳ್ತಿದ್ರು, ಪಾಠ ಮಾಡೋದು ಮಧ್ಯೆ ಮಧ್ಯೆ ಟೈಮ್ ಸಿಕ್ಕಾಗ. ಇದಕ್ಕೆಲ್ಲ ಪಿಪಿಟೀಲಿ ಕಾಲಂ ಇಲ್ಲ. ಹೇಳೋಕೆ ಹೋದ್ರೆ ಹಿಂದಿನ ಸೀಟಿಂದ ಯಾರೋ "ಕುಣೀಲಾರದವಳು ನೆಲ ಡೊಂಕು ಅಂದ್ಲಂತೆ" ಅಂತ ನಕ್ರು. ಸ್ವಾಮಿ, ನಮ್ ಶಾಲೆ ನೆಲ ನಿಜವಾಗ್ಲೂ ಡೊಂಕೇ, ಹೆಂಚು ಸೋರಿ ಸೋರಿ ಗುಂಡಿ ಬಿದ್ದಿದೆ.

ಸಾಹೇಬ್ರು ಕೇಳಿದ್ರು, "ಏನ್ರೀ ಹೆಡ್‌ಮೇಷ್ಟ್ರೇ, ಮುಂದಿನ ಸಲಕ್ಕೆ ಏನ್ ಕ್ರಮ ತಗೋತೀರಿ?"

"ಜಾತ್ರೆ ಡೇಟ್ ಬದಲಾಯಿಸಿ ಅಂತ ದೇವಸ್ಥಾನದವ್ರಿಗೆ ಲೆಟರ್ ಬರೀತೀನಿ ಸಾರ್."

ಸಾಹೇಬ್ರು ತಲೆಯಾಡಿಸಿ ಡೈರೀಲಿ ಬರ್ಕೊಂಡೇಬಿಟ್ರು.

ಈ ರ‍್ಯಾಂಕ್ ಹುಚ್ಚು ದೊಡ್ಡೋರಿಂದಾನೇ ಇಳಿದು ಬಂದದ್ದು ಬಿಡಿ. ಎಸ್ಸೆಸ್ಸೆಲ್ಸೀಲಿ 2023ಕ್ಕೆ ಚಿತ್ರದುರ್ಗ 96.80 ತಗೊಂಡು ರಾಜ್ಯಕ್ಕೇ ಫಸ್ಟು, ಮರುವರ್ಷ ಮೊದಲ ಹತ್ತರಲ್ಲೂ ಇಲ್ಲ. ಒಂದೇ ವರ್ಷಕ್ಕೆ ಜಿಲ್ಲೆ ದಡ್ಡ ಆಗುತ್ತಾ? ಆ ವರ್ಷ ಪರೀಕ್ಷಾ ಕೊಠಡಿಗೆ ಕ್ಯಾಮೆರಾ ಬಂದು ವೆಬ್‌ಕಾಸ್ಟಿಂಗ್ ಶುರುವಾಗಿತ್ತು, ಇಡೀ ರಾಜ್ಯದ ರಿಸಲ್ಟೇ 83.89ರಿಂದ 73.40ಕ್ಕೆ ಇಳೀತು, ಅದೂ ಗ್ರೇಸ್ ಮಾರ್ಕ್ಸ್ 20 ಪರ್ಸೆಂಟಿಗೆ ಏರಿಸಿದ ಮೇಲೆ. ಕ್ಯಾಮೆರಾಗೆ ಒಂದು ಶಾಲು ಹೊದಿಸಿದ್ರೋ ಇಲ್ವೋ ಗೊತ್ತಿಲ್ಲ.

ವಾಪಸ್ ಬರುವಾಗ ಬಸ್ಸಲ್ಲಿ ಹೆಡ್‌ಮೇಷ್ಟ್ರು ಒಂದೇ ಸಮನೆ ಏನೋ ಬರೀತಿದ್ರು. ಮುಂದಿನ ವರ್ಷ ಏಳನೇ ಕ್ಲಾಸಿಗೆ ಮೂರೇ ಮಕ್ಳು, ಒಬ್ಬನಿಗೆ ಜ್ವರ ಬಂದ್ರೂ 33 ಪರ್ಸೆಂಟ್ ಹೋಯ್ತು. ಬಗ್ಗಿ ನೋಡಿದ್ರೆ, ಆ ಮೂರೂ ಮನೆಯವ್ರ ನೆಂಟ್ರು ಯಾವ್ಯಾವ ಊರಲ್ಲಿದ್ದಾರೆ, ಅಲ್ಲಿ ಜಾತ್ರೆ ಯಾವತ್ತು ಅಂತ ಲಿಸ್ಟ್ ಮಾಡ್ತಿದ್ರು.